ಮಹಾಮನೆಯ ಅಡುಗೆಯಲ್ಲಿ ಮೆಣಸಿನಕಾಯಿ ಇತ್ತೇ?



ಈ ಬಾರಿಯ ಬಸವ ಜಯಂತಿಯ ಆಮಂತ್ರಣ ಪತ್ರಿಕೆಯನ್ನು ಕಂಡ ಅನೇಕ ಸದ್ಭಕ್ತರು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಪೂರ್ವಭಾವಿ ಸಭೆಯಲ್ಲಿ ತೀರ್ಮಾನವಾದಂತೆ ಆ ದಿನದ ಪ್ರಸಾದಕ್ಕೆ 'ಶರಣರ ಕಾಲದ ಊಟ' ಎಂಬ ಶೀರ್ಷಿಕೆ ಇರಬೇಕಾಗಿತ್ತು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ 'ಮಹಾದಾಸೋಹ' ಎಂದಷ್ಟೇ ಇದೆ. ಸಭೆಯ ತೀರ್ಮಾನವನ್ನು ಬದಲಿಸಿದವರು ಯಾರು, ಏಕೆ ಬದಲಿಸಿದರು ಎಂಬ ಈ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ. ಆ ಉತ್ತರವನ್ನು ಹುಡುಕುತ್ತ ಹೋದಾಗ ನಮಗೇ ತಿಳಿಯದಿದ್ದ ಹಲವು ಸಂಗತಿಗಳು ತಿಳಿದವು. ಅವನ್ನೂ ಇಲ್ಲಿ ಹಂಚಿಕೊಳ್ಳುತ್ತೇವೆ.

ಸಭೆಯಲ್ಲಿ ಸಿದ್ಧವಾದ ಪಟ್ಟಿ ಹೀಗಿತ್ತು: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ, ಆಲೂಗಡ್ಡೆ ಪಲ್ಯ, ಟೊಮೆಟೊ ಸಾರು, ಮಿರ್ಚಿ ಭಜಿ, ಗೋಧಿ ಹುಗ್ಗಿ. ಎಲ್ಲವೂ ಅಪ್ಪಟ ನಮ್ಮ ನೆಲದ ಅಡುಗೆ ಎಂದೇ ಎಲ್ಲರೂ ಒಪ್ಪಿದ್ದೆವು. ಪತ್ರಿಕೆಯ ಕರಡು ಮುದ್ರಣಾಲಯಕ್ಕೆ ಹೋಗಲು ಎರಡು ದಿನ ಉಳಿದಿತ್ತು. ಆಗ ಕರಡಿನ ಕಾಗುಣಿತ ನೋಡಲು ನಮ್ಮ ಪ್ರಸಾದ ನಿಲಯದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟೆವು. ಕಾಗುಣಿತದಲ್ಲಿ ಎರಡು ತಪ್ಪು ತೋರಿಸಿದ ಆಕೆ, ಮೂರನೆಯದಾಗಿ, "ಮೆಣಸಿನಕಾಯಿ ಪೋರ್ಚುಗೀಸರು ತಂದದ್ದು ಎಂದು ನಮ್ಮ ಪಾಠದಲ್ಲಿ ಓದಿದ್ದೇವೆ. ಬಸವಣ್ಣನವರ ಕಾಲದಲ್ಲಿ ಅದು ಇತ್ತೇ?" ಎಂದು ಕೇಳಿದಳು.

ಕನ್ನಡ ಸ್ನಾತಕೋತ್ತರ ಪದವಿ ಪಡೆದು ಮೂರು ದಶಕಗಳಾದರೂ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಆ ಸಂಜೆಯೇ ಮಠದ ಗ್ರಂಥಾಲಯದಲ್ಲಿ ಕುಳಿತೆವು.

ಕಡಲಾಚೆಯಿಂದ ಬಂದ ಖಾರ

ಮೆಣಸಿನಕಾಯಿಯ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ನಾಡುಗಳು. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅದನ್ನು ಬೆಳೆಯುತ್ತಿದ್ದರು. ಆದರೆ ಕೊಲಂಬಸ್ 1492ರಲ್ಲಿ ಆ ಖಂಡದ ದ್ವೀಪಗಳನ್ನು ತಲುಪುವವರೆಗೆ ಏಷ್ಯಾ, ಯುರೋಪ್, ಆಫ್ರಿಕ ಖಂಡಗಳ ಯಾವ ಅಡುಗೆಮನೆಯಲ್ಲಿಯೂ ಮೆಣಸಿನಕಾಯಿ ಇರಲಿಲ್ಲ. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದನು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅವರ ಹಡಗುಗಳ ಮೂಲಕ 16ನೆಯ ಶತಮಾನದಲ್ಲಿ ಮೆಣಸಿನಕಾಯಿ ನಮ್ಮ ಪಶ್ಚಿಮ ಕರಾವಳಿಯನ್ನು ಸೇರಿ, ಅಲ್ಲಿಂದ ಘಟ್ಟ ಹತ್ತಿತು.

ಶಿವಶರಣರು ಕಲ್ಯಾಣದಲ್ಲಿ ನೆರೆದದ್ದು 12ನೆಯ ಶತಮಾನದಲ್ಲಿ. ಅಂದರೆ ಬಸವಣ್ಣನವರ ಮಹಾಮನೆಯಲ್ಲಿ ಉಂಡ ಜಂಗಮರಾಗಲಿ, ಭಕ್ತರಾಗಲಿ ಮೆಣಸಿನಕಾಯಿಯನ್ನು ಕಣ್ಣಿನಿಂದಲೂ ಕಂಡವರಲ್ಲ. ಇಂದು ಬ್ಯಾಡಗಿಯ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದು ಲೋಕವಿಖ್ಯಾತವಾಗಿದೆ. ಅದರ ಕೆಂಪು ಬಣ್ಣ ತುಟಿರಂಗು, ಉಗುರುಬಣ್ಣಗಳ ತಯಾರಿಕೆಗೂ ಹೋಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಮಿರ್ಚಿ ಭಜಿಗಳು ಪ್ರಸಾದವಾಗಿ ಸಲ್ಲುತ್ತವೆ. ಇಷ್ಟು ನಮ್ಮದಾಗಿರುವ ವಸ್ತು ಐದು ನೂರು ವರ್ಷಗಳ ಹಿಂದೆ ನಮಗೆ ಅಪರಿಚಿತವಾಗಿತ್ತು ಎಂದರೆ ನಂಬಲು ಕಷ್ಟ.

ಆದರೆ ಇದಕ್ಕೆ ನಮ್ಮ ನುಡಿಯೇ ಸಾಕ್ಷಿ ಹೇಳುತ್ತದೆ. 'ಮೆಣಸು' ಎಂದರೆ ಮೂಲದಲ್ಲಿ ಬಳ್ಳಿಯಲ್ಲಿ ಬೆಳೆಯುವ ಕಪ್ಪು ಕಾಳು. ಅದರಂತೆಯೇ ಖಾರವಾದ ಹೊಸ ಕಾಯಿಯೊಂದು ಬಂದಾಗ ಜನರು ಅದನ್ನು 'ಮೆಣಸಿನ ಕಾಯಿ' ಎಂದು ಕರೆದರು. ಹಿಂದಿಯಲ್ಲಿಯೂ ಹೀಗೆಯೇ ಆಯಿತು. ಕಾಳುಮೆಣಸಿನ ಸಂಸ್ಕೃತ ಹೆಸರಾದ 'ಮರೀಚ'ದಿಂದ ಬಂದ 'ಮಿರ್ಚ್' ಎಂಬ ಮಾತು ಹೊಸ ಕಾಯಿಗೆ ಸಂದಿತು. ಬರಬರುತ್ತ ಹೊಸಬನೇ ಮನೆಯ ಯಜಮಾನನಾದನು. ಮೂಲದ ಮೆಣಸು ತನ್ನ ಮನೆಯಲ್ಲಿಯೇ 'ಕಾಳುಮೆಣಸು', 'ಕರಿಮೆಣಸು' ಎಂಬ ವಿಶೇಷಣವನ್ನು ಹಚ್ಚಿಕೊಂಡು ಗುರುತು ಹೇಳಿಕೊಳ್ಳಬೇಕಾಯಿತು.

ಜಗತ್ತು ಕಾದ ಕಪ್ಪು ಕಾಳು

ಆ ಕಪ್ಪು ಕಾಳಿನ ಚರಿತ್ರೆಯಾದರೂ ಸಾಮಾನ್ಯವಾದುದಲ್ಲ. ಕ್ರಿಸ್ತಪೂರ್ವ 1213ರಲ್ಲಿ ಮಡಿದ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್‌ನ ಮಮ್ಮಿಯ ಮೂಗಿನ ಹೊಳ್ಳೆಗಳಲ್ಲಿ ಕಾಳುಮೆಣಸು ದೊರೆತಿದೆ. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟಗಳು. ಮೂರು ಸಾವಿರ ವರ್ಷಗಳಿಗೂ ಹಿಂದೆ ಘಟ್ಟದ ಕಾಳು ನೈಲ್ ನದಿಯ ದಡವನ್ನು ಮುಟ್ಟಿತ್ತೆಂದಾಯಿತು. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ, ಭಾರತದ ಸರಕುಗಳಿಗಾಗಿ ತನ್ನ ಸಾಮ್ರಾಜ್ಯದ ಹಣ ವರ್ಷವರ್ಷವೂ ಹರಿದುಹೋಗುತ್ತಿದೆಯೆಂದು ಬರೆದಿದ್ದಾನೆ. 408ರಲ್ಲಿ ಗಾಥರ ನಾಯಕ ಅಲಾರಿಕ್ ರೋಮ್ ನಗರವನ್ನು ಮುತ್ತಿದಾಗ, ಮುತ್ತಿಗೆ ತೆರವು ಮಾಡಲು ಕೇಳಿದ ಒತ್ತೆಯಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಗಳ ಜೊತೆಗೆ 3,000 ಪೌಂಡ್ ಮೆಣಸೂ ಸೇರಿತ್ತು.

ನಮ್ಮ ನಾಡಿನಲ್ಲಿಯೇ 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಯುರೋಪಿನವರು ಭಾರತಕ್ಕೆ ಸಮುದ್ರಮಾರ್ಗ ಹುಡುಕಿದ್ದಕ್ಕೆ ಈ ಮೆಣಸೇ ಒಂದು ಮುಖ್ಯ ಕಾರಣ. ಮೆಣಸನ್ನು ಅರಸಿ ಹೊರಟವರು ಅಮೆರಿಕವನ್ನು ಮುಟ್ಟಿದರು. ಅಲ್ಲಿ ಕಂಡ ಖಾರದ ಕಾಯಿಯನ್ನು ಮೆಣಸಿನ ನಾಡಿಗೇ ತಂದು ಇಳಿಸಿದರು. ಇತಿಹಾಸದ ಈ ತಿರುವು ಯಾವ ಕಥೆಗಾರನಿಗೂ ಹೊಳೆಯುವಂಥದಲ್ಲ.

ತಟ್ಟೆಯಲ್ಲಿ ಕೂಡಿದ ಖಂಡಗಳು

ಮೆಣಸಿನಕಾಯಿಯೊಂದೇ ಆಗಿದ್ದರೆ ಪಟ್ಟಿಯಿಂದ ಎರಡು ಸಾಲು ತೆಗೆದು ಸುಮ್ಮನಾಗಬಹುದಿತ್ತು. ಆದರೆ ಒಂದೊಂದನ್ನೇ ಪರಿಶೀಲಿಸಿದಂತೆ ಪಟ್ಟಿ ಕರಗತೊಡಗಿತು.

ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಬೆಳೆ. ನಮ್ಮ ಭಾಗದಲ್ಲಿ ಅದನ್ನು ಬಟಾಟೆ ಎಂದು ಕರೆಯುವುದು ಪೋರ್ಚುಗೀಸ್ ಭಾಷೆಯ ಪ್ರಭಾವ. ಟೊಮೆಟೊ ಕೂಡ ಅಮೆರಿಕದ್ದೇ; ಮೆಕ್ಸಿಕೊದ ನಹುವಾಟಲ್ ಭಾಷೆಯ ಪದ ಸ್ಪ್ಯಾನಿಷ್, ಇಂಗ್ಲಿಷ್‌ಗಳನ್ನು ಹಾದು ನಮ್ಮ ಸಂತೆಯ ಮಾತಾಗಿದೆ. ಶೇಂಗಾ ದಕ್ಷಿಣ ಅಮೆರಿಕದ ಕೂಸು. ಗೋಡಂಬಿಯ ತವರು ಬ್ರೆಜಿಲ್. ಅನಾನಸ್ ಎಂಬ ಹಣ್ಣೂ ಅದರ ಹೆಸರೂ ಅಲ್ಲಿಯ ಮೂಲನಿವಾಸಿಗಳಿಂದ ಪೋರ್ಚುಗೀಸರ ಮೂಲಕ ಬಂದವು. ಮೈಸೂರು ಭಾಗದವರು ಪಪ್ಪಾಯಿಯನ್ನು 'ಪರಂಗಿ ಹಣ್ಣು' ಎನ್ನುತ್ತಾರೆ. 'ಫರಂಗಿಯವರು ತಂದ ಹಣ್ಣು' ಎಂದು ಅದರ ಹೆಸರೇ ಹುಟ್ಟಿನ ಗುಟ್ಟನ್ನು ಹೇಳುತ್ತದೆ. ನಮ್ಮ ಉಗ್ರಾಣದ ಬೀಗಕ್ಕೆ ಹಾಕುವ ಚಾವಿ, ನೀರು ತುಂಬುವ ಬಾಲ್ದಿ ಎಂಬ ಮಾತುಗಳೂ ಪೋರ್ಚುಗೀಸ್ ಮೂಲದವೇ.

ಬದನೆಕಾಯಿಯ ಕಥೆ ಇದಕ್ಕೆ ವಿರುದ್ಧ. ಅದು ಏಷ್ಯಾದ ಈ ಭಾಗದಲ್ಲಿಯೇ ಪಳಗಿದ ತರಕಾರಿ. ಸಂಸ್ಕೃತದ 'ವಾತಿಂಗಣ' ಪಾರಸಿಕದಲ್ಲಿ 'ಬಾದಿಂಗಾನ್' ಆಗಿ, ಅರಬ್ಬರ ಬಾಯಲ್ಲಿ ಸ್ಪೇನ್, ಪೋರ್ಚುಗಲ್‌ಗಳಿಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಜೊತೆಗೆ 'ಬ್ರಿಂಜಾಲ್' ಎಂಬ ಹೆಸರಿನಲ್ಲಿ ಮತ್ತೆ ಭಾರತಕ್ಕೆ ಬಂದಿತು. ಮಗಳು ಪರದೇಶ ಸುತ್ತಿ ಹೊಸ ಹೆಸರಿನಿಂದ ತವರಿಗೆ ಮರಳಿದಂತೆ. ಸಕ್ಕರೆಯ ಮಾತೂ ಹಾಗೆಯೇ. ಕಬ್ಬು ಮೂಲತಃ ನ್ಯೂಗಿನಿ ದ್ವೀಪದ್ದು. ಆದರೆ ಅದರ ರಸವನ್ನು ಹರಳುಗಟ್ಟಿಸುವ ವಿದ್ಯೆ ಬೆಳೆದದ್ದು ಭಾರತದಲ್ಲಿ. ನಮ್ಮ 'ಶರ್ಕರ' ಅರಬ್ಬಿಯಲ್ಲಿ 'ಸುಕ್ಕರ್' ಆಗಿ ಇಂಗ್ಲಿಷಿನ 'ಶುಗರ್' ಆಯಿತು. 'ಖಂಡ' ಎಂಬುದು 'ಕ್ಯಾಂಡಿ' ಆಯಿತು.

ರೊಟ್ಟಿಯ ತವರು ಯಾವುದು?

ಜೋಳದ ರೊಟ್ಟಿಯಾದರೂ ನಮ್ಮದೇ ಇರಬೇಕಲ್ಲ ಎಂದು ಸಮಾಧಾನ ತಂದುಕೊಂಡೆವು. ಜೋಳದ ಹುಟ್ಟು ಆಫ್ರಿಕದ ಸುಡಾನ್ ಪ್ರದೇಶ. ರಾಗಿ ಇಥಿಯೋಪಿಯ ಮತ್ತು ಉಗಾಂಡದ ಎತ್ತರದ ನಾಡುಗಳದು. ಸಜ್ಜೆ ಪಶ್ಚಿಮ ಆಫ್ರಿಕದ್ದು. ಗೋಧಿ ಮತ್ತು ಕಡಲೆ ಪಶ್ಚಿಮ ಏಷ್ಯಾದಿಂದ ಬಂದವು. ಸಾರಿಗೆ ಹಿಂಡುವ ಹುಣಸೆ ಸಹ ಮೂಲತಃ ಆಫ್ರಿಕದ ಮರ. ಅದು ಇಲ್ಲಿ ಎಷ್ಟು ಬೇರುಬಿಟ್ಟಿತೆಂದರೆ ಅರಬ್ಬರು ಅದನ್ನು 'ಹಿಂದ್ ದೇಶದ ಖರ್ಜೂರ' ಎಂಬ ಅರ್ಥದ 'ತಮರ್ ಹಿಂದಿ' ಎಂದು ಕರೆದರು. ಇಂಗ್ಲಿಷಿನ 'ಟ್ಯಾಮರಿಂಡ್' ಅದರಿಂದಲೇ ಬಂದಿದೆ.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜೋಳ ನಮ್ಮ ನೆಲಕ್ಕೆ ಬಂದು ಮೂರು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಬಸವಣ್ಣನವರ ಕಾಲಕ್ಕೆ ಅದು ಹೊಸ ಧಾನ್ಯವಾಗಿರಲಿಲ್ಲ. ಆದ್ದರಿಂದ ಶರಣರು ಜೋಳವನ್ನು ಬಲ್ಲರು. ಅದರ ಪಕ್ಕದ ಕೆಂಪು ಖಾರವನ್ನೂ ಶೇಂಗಾ ಚಟ್ನಿಯನ್ನೂ ಅರಿಯರು.

ಹಾಗಾದರೆ ಪೂರ್ತಿ ನಮ್ಮ ನೆಲದ್ದೇ ಎನ್ನಬಹುದಾದದ್ದು ಯಾವುದು? ಬಳ್ಳಾರಿಯ ಸಮೀಪದ ಸಂಗನಕಲ್ಲು, ತೆಕ್ಕಲಕೋಟೆ ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಇದಕ್ಕೆ ಉತ್ತರವಿದೆ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ಅಲ್ಲಿಯ ಬೇಸಾಯಗಾರರು ಹುರುಳಿ, ಹೆಸರು ಮತ್ತು ಕೊರಲೆಯನ್ನು ಬೆಳೆಯುತ್ತಿದ್ದರೆಂದು ಉತ್ಖನನದಲ್ಲಿ ದೊರೆತ ಸುಟ್ಟ ಕಾಳುಗಳು ತಿಳಿಸುತ್ತವೆ. ಅದೇ ಸೀಮೆಯಲ್ಲಿ ಬೂದಿದಿಬ್ಬಗಳಿವೆ. ದನಗಳ ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆದ ದಿಣ್ಣೆಗಳು ಇವು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತೆಯ ಬೂದಿಯೆಂದೇ ನಂಬಿದ್ದಾರೆ. ಗೋಮಯದ ಭಸ್ಮವೆಂದೊಡನೆ ನಮ್ಮ ಭಕ್ತರ ಮನಸ್ಸು ವಿಭೂತಿಯ ಕಡೆಗೆ ಹೋಗುವುದು ಸಹಜ. ಆದರೆ ಆ ದಿಬ್ಬಗಳಿಗೂ ವಿಭೂತಿಗೂ ನಂಟು ಕಟ್ಟಲು ಯಾವ ಆಧಾರವೂ ಇಲ್ಲ. ಆಧಾರವಿಲ್ಲದ ಮಾತನ್ನು ಭಕ್ತಿಯ ಹೆಸರಿನಲ್ಲಿಯೂ ಆಡಬಾರದು.

ಕಲ್ಯಾಣದ ಊಟ

ಶರಣರು ಕೂಡಿದ ಕಲ್ಯಾಣ ನಗರದ ಊಟದ ಬಗೆಗೆ ನಮಗೆ ಒಂದು ದೊಡ್ಡ ದಾಖಲೆ ಉಳಿದಿದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಅನ್ನಭೋಗದ ವಿಸ್ತಾರವಾದ ಭಾಗವೊಂದಿದೆ. ಇಡ್ಲಿಯ ಪೂರ್ವಜನಾದ ಇಡ್ಡರಿಕಾ, ದೋಸೆಯ ಪೂರ್ವಜನಾದ ದೋಸಕ, ವಡೆ, ಪೂರಿ, ಇಂದಿಗೂ ಬೆಳಗಾವಿ ಸೀಮೆಯಲ್ಲಿ ಉಳಿದಿರುವ ಮಂಡಿಗೆಯನ್ನು ನೆನಪಿಸುವ ಮಂಡಕ ಇವೆಲ್ಲ ಅಲ್ಲಿ ಬರುತ್ತವೆ.

ಅದಕ್ಕಿಂತ ಒಂದು ಶತಮಾನ ಮೊದಲು, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಇಡ್ಲಿ ಮಾಡುವ ಕ್ರಮವಿದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಕೂಡಿಸಬೇಕು. ಅಕ್ಕಿಯ ಮಾತೇ ಅಲ್ಲಿಲ್ಲ. ಖಾರವೆಂದರೆ ಕಾಳುಮೆಣಸು. ಇದಕ್ಕೂ ಹಿಂದಿನ 'ವಡ್ಡಾರಾಧನೆ'ಯಲ್ಲಿಯೇ 'ಇಡ್ಡಲಿಗೆ' ಎಂಬ ಮಾತು ಬಂದಿರುವುದನ್ನು ಹಳಗನ್ನಡ ಓದಿದವರು ಬಲ್ಲರು.

ಇಲ್ಲಿಯೂ ಎಚ್ಚರ ಬೇಕು. 'ಮಾನಸೋಲ್ಲಾಸ' ಅರಮನೆಯ ಊಟವನ್ನು ಹೇಳುತ್ತದೆ. ಅರಸನು ಉಂಡದ್ದನ್ನೇ ಕಾಯಕಜೀವಿಗಳಾದ ಶರಣರೂ ಉಂಡರೆಂದು ಹೇಳಲಾಗದು. ಆ ಗ್ರಂಥ ನಮಗೆ ಆ ಊರಿನಲ್ಲಿ ಏನು ಏನಿತ್ತು ಎಂಬುದನ್ನು ತೋರಿಸುತ್ತದೆ. ಮಹಾಮನೆಯ ಪಂಕ್ತಿಯಲ್ಲಿ ಏನು ಬಡಿಸಿದರು ಎಂಬುದನ್ನಲ್ಲ.

ಸೋಮನಾಥಪುರದ ತೆನೆ

ಈ ಚರ್ಚೆಯನ್ನು ಕೇಳಿದ ಭಕ್ತರೊಬ್ಬರು ಒಂದು ಆಕ್ಷೇಪ ಎತ್ತಿದರು. "ಸೋಮನಾಥಪುರದ ಗುಡಿಯ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆಯಲ್ಲ? ಅಮೆರಿಕದ ಬೆಳೆಗಳು ನಮ್ಮಲ್ಲಿ ಮೊದಲೇ ಇದ್ದವು" ಎಂದರು.

ಈ ವಾದವನ್ನು ವಿದ್ವಾಂಸರೂ ಮುಂದಿಟ್ಟಿದ್ದುಂಟು. 13ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥನು ಕಟ್ಟಿಸಿದ ಆ ಗುಡಿಯ ಕೆಲವು ಶಿಲ್ಪಗಳ ಕೈಯಲ್ಲಿರುವ ವಸ್ತು ಕಾಳು ಜೋಡಿಸಿದ ತೆನೆಯಂತೆಯೇ ತೋರುತ್ತದೆ. ಆದರೆ ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪಿಲ್ಲ. ಅದು ಮುತ್ತುಗಳಿಂದ ಕೂಡಿದ ಕಲ್ಪಿತ ಫಲವಿರಬಹುದೆಂಬುದು ಒಂದು ಅಭಿಪ್ರಾಯ. ಅದಕ್ಕಿಂತ ಮುಖ್ಯವಾದುದು ಇನ್ನೊಂದು ಮಾತು: ಬೆಳೆಯೊಂದು ನಾಡಿನಲ್ಲಿದ್ದರೆ ಅದರ ಕಾಳು ಒಲೆಯ ಬೂದಿಯಲ್ಲಿ, ಕಣಜದ ತಳದಲ್ಲಿ, ತಿಪ್ಪೆಯಲ್ಲಿ ಉಳಿಯಬೇಕು. ನಾಲ್ಕು ಸಾವಿರ ವರ್ಷಗಳ ಹಿಂದಿನ ಹುರುಳಿ ನಮಗೆ ಸಿಕ್ಕಿದೆ. ಎಂಟು ನೂರು ವರ್ಷಗಳ ಹಿಂದಿನ ಮೆಕ್ಕೆಜೋಳದ ಕಾಳಿನ ಒಪ್ಪಿತವಾದ ಕುರುಹು ಸಿಕ್ಕಿಲ್ಲ. ಕಲ್ಲಿನಲ್ಲಿ ಕಂಡ ಆಕಾರಕ್ಕಿಂತ ನೆಲದಲ್ಲಿ ಸಿಕ್ಕ ಕಾಳು ದೊಡ್ಡ ಸಾಕ್ಷಿ. ಇಷ್ಟು ಹೇಳಿದ ಮೇಲೆ ಆ ಹಿರಿಯರು ನಕ್ಕು ಒಪ್ಪಿಕೊಂಡರು.

ಕಾಣಿಕೆಯ ಪ್ರಶ್ನೆ

ಇಷ್ಟಾದ ಮೇಲೆ ಶೀರ್ಷಿಕೆಯನ್ನು ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಪೂಜ್ಯರ ಸನ್ನಿಧಿಯಲ್ಲಿ ವಿಷಯವನ್ನು ಅರಿಕೆ ಮಾಡಿಕೊಂಡೆವು. ಸತ್ಯವಲ್ಲದ ಮಾತನ್ನು ಬಸವಣ್ಣನವರ ಹೆಸರಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಡಿರಿ ಎಂದು ಅಪ್ಪಣೆಯಾಯಿತು. ಹೀಗೆ ಶೀರ್ಷಿಕೆ ಬದಲಾಯಿತು.

ಆದರೆ ನಿಜವಾದ ಕಷ್ಟ ಆಮೇಲೆ ಬಂದಿತು. ಪ್ರತಿವರ್ಷ ಹೊಸ ಮೆಣಸಿನಕಾಯಿಯ ಚೀಲಗಳನ್ನು ದಾಸೋಹಕ್ಕೆ ತಂದು ಒಪ್ಪಿಸುವ ರೈತ ಭಕ್ತರಿಗೆ ಈ ಸುದ್ದಿ ಬೇರೆಯದೇ ರೂಪದಲ್ಲಿ ಮುಟ್ಟಿತು. ಅಜ್ಜನ ಕಾಲದಿಂದ ಈ ಸೇವೆ ನಡೆಸುತ್ತಿರುವ ಮನೆತನದ ಹಿರಿಯರೊಬ್ಬರು ಮಠಕ್ಕೆ ಬಂದು, "ನಮ್ಮ ಮೆಣಸಿನಕಾಯಿ ಪರದೇಶಿ ಆಯ್ತಂತ. ಈ ವರ್ಷ ತರಬೇಕೋ ಬ್ಯಾಡೋ, ಒಂದು ಮಾತು ಹೇಳ್ರಿ" ಎಂದರು. ಸಿಟ್ಟಿನ ಮಾತು ಅದಾಗಿರಲಿಲ್ಲ. ಅದಕ್ಕಾಗಿಯೇ ನಮಗೆ ಹೆಚ್ಚು ನೋವಾಯಿತು. ನಾವು ಸತ್ಯವನ್ನು ಹುಡುಕಿದ್ದು ಸರಿ; ಆದರೆ ಆ ಸತ್ಯ ಒಬ್ಬ ಭಕ್ತನ ಮೂರು ತಲೆಮಾರಿನ ಸೇವೆಯನ್ನು ಹೊರಗಿನದೆಂದು ತೋರಿಸುವ ಬೆರಳಾಗಬಾರದಿತ್ತು.

ಅವರಿಗೆ ನಾವು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನಪಿಸಿದೆವು. ಪತಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಂಪತಿಗಳು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿರೆಂದು ಲಕ್ಕಮ್ಮನವರು ಹಿಂದಿರುಗಿಸಿದರು. ಆ ತಾಯಿ ಅಕ್ಕಿಯನ್ನು ಯಾವ ನಾಡಿನದೆಂದು ವಿಚಾರಿಸಲಿಲ್ಲ. ಇದು ನಮ್ಮ ಕಾಯಕದ ಅಳತೆಗೆ ಸಂದದ್ದೇ, ಆಸೆಯಿಂದ ಬಂದದ್ದೇ ಎಂದಷ್ಟೇ ನೋಡಿದರು. ದಾಸೋಹಕ್ಕೆ ಬಂದ ವಸ್ತುವನ್ನು ಶರಣರು ಅಳೆದ ಅಳತೆಗೋಲು ಅದೊಂದೇ. ಆ ಅಳತೆಗೆ ಈ ರೈತರ ಮೆಣಸಿನಕಾಯಿ ಚೀಲ ತುಂಬಿ ನಿಲ್ಲುತ್ತದೆ.

ಬೀಜ ಎಲ್ಲಿ ಹುಟ್ಟಿತು ಎಂಬುದು ಇತಿಹಾಸದ ಪ್ರಶ್ನೆ. ಅದಕ್ಕೆ ನಿಜವಾದ ಉತ್ತರವನ್ನೇ ಕೊಡಬೇಕು. ನಮಗೆ ಹಿತವಾದ ಉತ್ತರವನ್ನಲ್ಲ. ಆದರೆ ಅದು ಪಂಕ್ತಿಯ ಪ್ರಶ್ನೆಯಲ್ಲ. ಸುಡಾನಿನ ಜೋಳ, ಮೆಕ್ಸಿಕೊದ ಖಾರ, ಆಂಡೀಸಿನ ಗಡ್ಡೆ, ಘಟ್ಟದ ಮೆಣಸು, ಬಳ್ಳಾರಿ ಸೀಮೆಯ ಹುರುಳಿ ಇವೆಲ್ಲವೂ ಒಂದೇ ತಟ್ಟೆಯಲ್ಲಿ ತಕರಾರಿಲ್ಲದೆ ಕೂಡಿಕೊಂಡಿವೆ. ಆ ತಟ್ಟೆಯ ಮುಂದೆ ಕುಳಿತ ನಾವು ಪಕ್ಕದವನ ಕುಲ, ಊರು, ಭಾಷೆಗಳನ್ನು ಕೇಳತೊಡಗಿದರೆ, ನಮ್ಮ ಕೈಯ ತುತ್ತೇ ನಮ್ಮನ್ನು ನೋಡಿ ನಕ್ಕೀತು. ಹೊರಗಿನವರೆಂದು ಯಾರನ್ನೂ ಪಂಕ್ತಿಯಿಂದ ಏಳಿಸದ ಧರ್ಮ ನಮ್ಮದು.

ಜಯಂತಿಯ ದಿನದ ಮಹಾದಾಸೋಹದಲ್ಲಿ ಮೇಲಿನ ಪಟ್ಟಿಯ ಎಲ್ಲ ಅಡುಗೆಯೂ ಇರುತ್ತದೆ. ಮಿರ್ಚಿ ಭಜಿಯೂ ಇರುತ್ತದೆ. ಅವುಗಳ ಜೊತೆಗೆ ಈ ಸಲ ಕೊರಲೆ ಅನ್ನ, ಹುರುಳಿಕಾಳಿನ ಪಲ್ಯ ಮತ್ತು ಕಾಳುಮೆಣಸಿನ ಸಾರನ್ನೂ ಬಡಿಸಲಾಗುವುದು. ಯಾವ ಪದಾರ್ಥ ಎಲ್ಲಿಂದ, ಯಾವ ಕಾಲಕ್ಕೆ ಬಂದಿತೆಂಬ ವಿವರವುಳ್ಳ ಫಲಕಗಳನ್ನು ಪ್ರಸಾದ ನಿಲಯದ ಮಕ್ಕಳು ಬರೆಯುತ್ತಿದ್ದಾರೆ. ಕರಡು ತಿದ್ದಿದ ವಿದ್ಯಾರ್ಥಿನಿಯೇ ಅದರ ಮುಂದಾಳು. ಮೆಣಸಿನಕಾಯಿಯ ಫಲಕವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಆ ರೈತ ಹಿರಿಯರೇ ತೋರಿಸಿಕೊಡಲಿದ್ದಾರೆ. ಅವರ ಚೀಲಗಳು ಹೋದ ಸೋಮವಾರವೇ ಉಗ್ರಾಣ ಸೇರಿವೆ.

ಸದ್ಭಕ್ತರೆಲ್ಲರೂ ಆಗಮಿಸಿ, ಪ್ರಸಾದ ಸ್ವೀಕರಿಸಿ, ಶ್ರೀಮಠದ ಕೃಪೆಗೆ ಪಾತ್ರರಾಗಬೇಕೆಂದು ಕೋರುತ್ತೇವೆ.



— ಕಾರ್ಯದರ್ಶಿಗಳು, ಶ್ರೀಮಠ